ವಿಂಗ್‌ತೋಂಗನ ಪಾಲಿನ ಮಾಂಸ

ಬೆಳಿಗ್ಗೆ ಹಿಡಿದ ಮಳೆ ಮಧ್ಯಾಹ್ನವಾದರೂ ಬಿಟ್ಟಿರಲಿಲ್ಲ. ಮಾಕ್ ವಂಶದ ಗಂಡಸರು ವರ್ಷದ ಪದ್ಧತಿಯಂತೆ ಹಿರಿಯರ ಸಮಾಧಿಗಳನ್ನು ಗುಡಿಸಿ, ನೆನೆದುಕೊಂಡು ಬಂದು ಹಿರಿಯರ ಗುಡಿಯೊಳಗೆ ಕೂತಿದ್ದರು. ಎಡೆಗಿಟ್ಟ ಸುಟ್ಟ ಹಂದಿಯನ್ನು ಹಿಂದಿನ ಅಡುಗೆಕೋಣೆಯಲ್ಲಿ ಹೆಂಗಸರು ಪಾಲು ಮಾಡುತ್ತಿದ್ದರು. ಗುಡಿಯ ಯಜಮಾನ ವಿಂಗ್‌ತೋಂಗನ ಸೊಸೆ ಸೌಲಾನ್ ಕೇಳಿಯೇಬಿಟ್ಟಳು: "ಅಜ್ಜಿ, ಹೋದ ವರ್ಷ ಈ ಮಾಂಸ ತಿನ್ನೋವಾಗ ನಮ್ಮ ಮಾವ ಯಾಕೆ ಹಾಗೆ ಓಕರಿಸಿದ್ರು?"

ಮಕ್ಕಳಿಲ್ಲದ ವಿಧವೆ ಕ್ವಾಯ್‌ಫಾ ಕತ್ತಿ ಕೆಳಗಿಟ್ಟಳು. ಯಾರಾದರೂ ಕೇಳಲಿ ಎಂದು ಕಾದು ಕಾದು ಅವಳಿಗೆ ಸಾಕಾಗಿತ್ತು. ಉಳಿದವರೂ ಹತ್ತಿರ ಸರಿದರು.

"ಒಳಗೆ ಹಿರಿಯರ ಹೆಸರಿನ ಹಲಗೆಗಳಿವೆಯಲ್ಲ... ಮುಂದಿನ ಸಾಲಲ್ಲಿ ಒಂದಕ್ಕೆ ಕೆಂಪು ಕಾಗದ ಅಂಟಿಸಿದೆ. ಇನ್ನೂ ಸಾಯದೆ ಇರೋನ ಹೆಸರು ಅಂತ. ಅದು ನಿನ್ನ ಮಾವಂದು. ಮೂವತ್ತು ವರ್ಷದ ಹಿಂದೆ ಆ ಜಾಗದಲ್ಲಿದ್ದದ್ದು ನಮ್ಮೋರ ಹಲಗೆ, ಅವನ ಸ್ವಂತ ಅಣ್ಣಂದು. ಮಕ್ಕಳಿಲ್ಲದೋನ ಹೆಸರಿಗೆ ಕೈ ಮುಗಿಯೋರು ಯಾರು ಅಂತ ಕಿತ್ತು, ನನ್ನ ಕೈಗೇ ಕೊಟ್ಟು, ಯಾವುದೋ ಹಳೇ ಹಲಗೆ, ಒಲೆಗೆ ಹಾಕು ಅತ್ತಿಗೆ ಅಂದ. ಥೂ... ಇವನೂ ಮನುಷ್ಯನಾ? ನನಗೆ ಓದೋಕೆ ಬರಲ್ಲ ಅಂತ ಧೈರ್ಯ ಅವನಿಗೆ. ಬರಲ್ಲ, ನಿಜ. ಆದ್ರೆ ಪ್ರತಿ ಹೊಸ ವರ್ಷಕ್ಕೂ ಅದನ್ನ ಒರೆಸ್ತಿದ್ದ ಬೆರಳಿಗೆ ಆ ಅಕ್ಷರ ಗೊತ್ತಿರಲ್ವಾ?

"ವಾಪಸ್ ಇಡು ಅಂತ ಕಾಲು ಹಿಡಿದೆ. ನಕ್ಕ. ಸರಿ ಅಂತ ಆ ವರ್ಷದ ಎಡೆ ದಿನ ಇಲ್ಲಿಗೆ ಬಂದು, ಅವನ ಪಾಲಿನ ತುಂಡನ್ನ ಮಾತ್ರ ಆ ಹಲಗೆ ಮೇಲಿಟ್ಟು ಕೊಯ್ದೆ. ಅಷ್ಟೇ ನಾನು ಮಾಡಿದ್ದು... ಎಲ್ಲರ ಎದುರು ಬಾಯಿಗಿಟ್ಟ. ಅಗಿದ. ಹಲ್ಲಿಗೆ ಏನೋ ಸಿಕ್ತು ಅಂತ ಎಳೆದ್ರೆ ಕೂದಲು... ಕೊಬ್ಬು ಮೆತ್ತಿದ ಕೂದಲು, ಎಳೆದಷ್ಟೂ ಗಂಟಲೊಳಗಿಂದ ಬರ್ತಾನೇ ಇದೆ. ಉಗುಳೋ ಹಾಗಿದ್ಯಾ? ಹಿರಿಯರ ಪಾಲು ಉಗುಳಿದೋನು ಈ ವಂಶದೋನೇ ಅಲ್ಲ ಅಂತಾರೆ, ಯಜಮಾನಿಕೆ ಹೋಗುತ್ತೆ, ಆ ಜಾಗಾನೂ ಹೋಗುತ್ತೆ. ತೋಳಿನ ಮರೆಯಲ್ಲಿ ಅಷ್ಟನ್ನೂ ಮತ್ತೆ ಬಾಯಿಗೇ ತುರುಕಿಕೊಂಡು ನುಂಗಿದ. ವರ್ಷ ವರ್ಷವೂ ನುಂಗ್ತಾನೆ. ಹಲಗೆ ವಾಪಸ್ ಇಟ್ಟ ದಿನ ನಮ್ಮೋರು ಬಿಡ್ತಾರೆ. ಅವನು ಇಡಲ್ಲ... ಅಸಹ್ಯ."

ಪಾಲು ತರಲು ಒಳಗಿಂದ ಯಾರೋ ಕೂಗಿದರು. ಕ್ವಾಯ್‌ಫಾ ಜಿಡ್ಡುಗಟ್ಟಿದ ಸಣ್ಣ ಹಲಗೆಯೊಂದರ ಮೇಲಿಂದ ಮಾಂಸದ ತುಂಡನ್ನು ತಟ್ಟೆಗೆ ಜಾರಿಸಿ, ಸೌಲಾನ್ ಕೈಗಿಟ್ಟಳು.

"ಸತ್ತಾಗ ನಮ್ಮೋರಿಗೆ ಮೂವತ್ತು, ತಲೆ ತುಂಬ ಕರೀ ಕೂದಲು. ಹೋದ ವರ್ಷ ಬಾಗಿಲಲ್ಲಿ ನಿಂತು ನೋಡಿದೆ... ಅವನು ನುಂಗಿದ್ದರಲ್ಲಿ ಅರ್ಧ ಬೆಳ್ಳಗಾಗಿತ್ತು. ಪಾಪ, ಅವರಿಗೂ ವಯಸ್ಸಾಗ್ತಿದೆ. ಹೋಗು ತಾಯಿ, ಆರೋಕೆ ಮುಂಚೆ ನಿನ್ನ ಮಾವನಿಗೆ ಕೊಡು."