ಗುರುವಿನ ಚಿತೆಯ ಮುಂದೆ ಜೋಡಿ ಕೊಡತಿ

ನಮ್ಮ ಗಿಯಾನ್ಯಾರ್ ಊರಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ನನ್ನೆದುರು, ಗಾಮೆಲಾನ್ ಎಂಬ ಕಂಚಿನ ವಾದ್ಯಗಳ ಮೇಳದ ಇಬ್ಬರು ವಾದಕರು ಕುಳಿತಿದ್ದರು. ಕಿರಿಯನಾದ ಸುಕ್ರಾನ ಬಲಗೈಗೆ ಸುತ್ತಿದ್ದ ತಲೆವಸ್ತ್ರದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಹಿರಿಯನಾದ ಲಂಡ್ರಾನ ಮುಷ್ಟಿಯಲ್ಲಿ ಕಂಚಿನ ಪಟ್ಟಿಗಳನ್ನು ಬಡಿಯುವ ಕೊಡತಿಯಿತ್ತು. ಅದರ ತುದಿಯೂ ಕೆಂಪಾಗಿತ್ತು.

“ನನ್ನ ಕೊಡತಿ ಕಿತ್ಕೊಂಡು ನನ್ನ ಕೈನೇ ಜಜ್ಜಿದೆ. ಆಮೇಲೆ ಬೈಕಲ್ಲಿ ಕೂರಿಸ್ಕೊಂಡು ಬಂದೆ. ಭೇಷ್ ಅಣ್ಣಾ!”

“ಬಾಯ್ಮುಚ್ಚು, ಇನ್ನೊಂದು ಕೈಯೂ ಹೋಗುತ್ತೆ. ಗುರುಗಳು ನಮ್ಮ ಕೇರಿಗೇ ಅಂತ ಕಟ್ಟಿದ ಕೃತಿನ ಮೇಲ್ಕೇರಿಯವನಿಗೆ ಕಲಿಸ್ತೀಯೇನೋ, ಕಳ್ಳಾ?”

“ಅರ್ಸಾ ನನ್ನ ಅಳಿಯ.”

“ಅಳಿಯನಿಗೆ ಅನ್ನ ಹಾಕು. ಸಂಜೆಯೊಳಗೆ ಅವನ ಬೆರಳೂ ಮುರೀತೀನಿ.”

“ಮುರಿ. ನಾಳೆ ಗುರುಗಳ ಚಿತೆ ಮುಂದೆ ನನ್ನ ಪಾಲು ಯಾರು ಬಡೀತಾರೆ?”

“ನಾನೊಬ್ನೇ ಸಾಕು.”

“ನೀನು ಬಿಟ್ಟ ಸಂದಿನಲ್ಲಿ ನಾನು ಬಡಿದ್ರೆ ತಾನೇ ಅದು ಹಾಡಾಗೋದು? ಒಬ್ನೇ ಬಡಿದ್ರೆ ಹಲ್ಲುದುರಿದ ಮುದುಕ ಬೈದ ಹಾಗಿರುತ್ತೆ. ಗುರುಗಳು ಚಿತೆಯಿಂದೆದ್ದು ನಿನ್ನ ಬುರುಡೆ ಒಡೀತಾರೆ.”

ಅಷ್ಟರಲ್ಲಿ ದಾದಿ ಬಂದು ಬಟ್ಟೆ ಬಿಚ್ಚಿ ನೋಡಿದಳು. ಮೂಳೆ ಮುರಿದಿದೆಯೆಂದೂ, ಬಹುಕಾಲ ಆ ಕೈಯಲ್ಲಿ ಏನನ್ನೂ ಹಿಡಿಯುವಂತಿಲ್ಲವೆಂದೂ ಹೇಳಿ ಒಳಗೆ ಬರುವಂತೆ ಸೂಚಿಸಿದಳು.

“ನಿನ್ನ ಪಾಲು ಇನ್ಯಾರಿಗೆ ಬರುತ್ತೋ?”

“ಯಾರಿಗೆ ಕಲಿಸಿದ್ದಕ್ಕೆ ಹೊಡೆದೆಯೋ ಅವನಿಗೆ.”

ಲಂಡ್ರಾ ಅಂಗಿಯ ಅಂಚಿನಿಂದ ಕೊಡತಿಯ ರಕ್ತವನ್ನು ಒರೆಸತೊಡಗಿದನು.

“ಅವನ ಮನೆ ಎಲ್ಲಿ?”

“ಹೊಡೆಯೋಕಾ?”

“ಇದನ್ನ ಕೊಡೋಕೆ. ಒಂದು ಪೆಟ್ಟು ತಪ್ಪಿದ್ರೂ ಅವನನ್ನೂ ಇಲ್ಲಿಗೇ ತರ್ತೀನಿ.”

ಸುಕ್ರಾನ ಹೆಗಲನ್ನು ಹಿಡಿದು ಎಬ್ಬಿಸಿ, ಲಂಡ್ರಾ ಅವನನ್ನು ಒಳಗೆ ಕರೆದೊಯ್ದನು.