ಹಾಡುವ ಮೊದಲು ಬಸ್ಕಿ

ಹಲೋ... ಹಲೋ... ಯಾರ್ರಿ ಮಾತಾಡಾದು?... ಹಾಂ, ಬಳ್ಳಾರಿನೇ ರೀ, ಬ್ರೂಸ್‌ಪೇಟಿ ಹತ್ತಿ ಅಂಗಡಿ. ಸಾವುಕಾರ್ರು ಇಲ್ರಿ, ನಾನು ಹುಲುಗಪ್ಪ... ಯಾರು?... ಸಿರುಗುಪ್ಪದಿಂದನಾ?... ಸಾವಂತ್ರಕ್ಕಾ! ನೀನಾ! ಫೋನಿನಾಗ ನಿನ್ನ ದನಿ ಥೇಟ್ ತಾಸೀಲ್ದಾರ್ರ ಹೆಂಡ್ತಿ ದನಿ ಇದ್ದಂಗ ಐತಲ್ಲ!

ಹುಲುಗಪ್ಪ ಆ ಅಂಗಡಿಯ ಕಾವಲುಗಾರ. ಊರಿನವರಿಗೆ ಗರಡಿ ಹುಲುಗಪ್ಪ. ಅವನ ಅಣ್ಣ ಎರ್ರೆಪ್ಪ ಸತ್ಯನಾರಾಯಣಪೇಟೆಯ ಸಂಗೀತದ ಮೇಷ್ಟ್ರು. ಶಿಷ್ಯರನ್ನು ಗದರಿಸಿ ಗದರಿಸಿ ಗಂಟಲು ಕಟ್ಟಿಹೋಗಿ, ವೈದ್ಯರ ಮಾತಿನಂತೆ ಸಿರುಗುಪ್ಪದ ಅಕ್ಕನ ಮನೆಗೆ ವಿಶ್ರಾಂತಿಗೆ ಹೋಗಿದ್ದ. ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಶಿಷ್ಯರನ್ನು ನೋಡಿಕೊಳ್ಳುವ ಕೆಲಸ ತಮ್ಮನ ಪಾಲಿಗೆ ಬಂತು. ಹಿಂದಿನ ಸಂಜೆ ಆ ಮೂವರ, ಅಂದರೆ ಹಾಡುವ ಉಚ್ಚೆಂಗೆಪ್ಪ, ತಂಬೂರಿಯ ಪಾರಮ್ಮ, ಮೃದಂಗದ ಮೈಲಾರಪ್ಪ ಇವರ ಸಂಗೀತ ಕಚೇರಿ ಕುರುಗೋಡಿನಲ್ಲಿ ನಡೆದಿತ್ತು.

ಎಲ್ಲಿಂದ ಮಾತಾಡ್ತಿ ಅಕ್ಕಾ?... ವಿರೂಪಾಕ್ಷಪ್ಪರ ಅಕ್ಕಿ ಮಿಲ್ಲಿಂದನಾ? ಅವ್ರು ನಿನ್ನೆ ಕಚೇರಿಗೆ ಬಂದಿದ್ರು, ಮುಂದೇ ಕುಂತಿದ್ರು... ಹಾಂ? ಬಂದು ಹೇಳ್ಯಾರ? ಏನಂತ?... ಅಯ್ಯೋ ಶಿವನೇ. ಅಣ್ಣಗೂ ಹೇಳ್ಯಾರ?... ಅಲ್ಲೇ ನಿಂತಾನ?... ಬ್ಯಾಡ, ಅವನ ಕೈಗೆ ಫೋನು ಕೊಡಬ್ಯಾಡ! ವೈದ್ಯರು ಮಾತೇ ಬ್ಯಾಡ ಅಂದಾರಲ್ಲ, ನಾನು ಅವನ ಆರೋಗ್ಯಕ್ಕ ಹೇಳಾಕತ್ತೀನಿ... ಅಕ್ಕಾ... ಅಕ್ಕಾ...

ಅಣ್ಣಾ. ಹೆಂಗದಿ ಅಣ್ಣಾ?... ಏನಂದಿ? ಕೇಳಲಿಲ್ಲ. ಹಾವು ಬುಸುಗುಟ್ಟಿದಂಗ ಆಗ್ತೈತಿ. ಸ್ವಲ್ಪ ಜೋರಾಗಿ... ಬ್ಯಾಡ ಬ್ಯಾಡ, ಜೋರು ಬ್ಯಾಡ! ಮೆಲ್ಲಕ ಮಾತಾಡು, ನಾನೇ ಕಿವಿ ಒತ್ತಿ ಹಿಡೀತೀನಿ.

ಹಾಂ... ಹಾಂ... ಖರೇ ಅಣ್ಣಾ. ಉಚ್ಚೆಂಗೆಪ್ಪ ವೇದಿಕಿ ಮ್ಯಾಲ ಬಸ್ಕಿ ಹೊಡದಿದ್ದು ಖರೇ... ಹಾಡೋಕಿಂತ ಮೊದ್ಲು... ಇಲ್ಲ, ನಾನು ಹೇಳಿಕೊಟ್ಟಿಲ್ಲ. ಅಂದ್ರ, ಬಸ್ಕಿ ಹೇಳಿಕೊಟ್ಟಿದ್ದು ನಾನೇ. ವೇದಿಕಿ ಮ್ಯಾಲ ಹೊಡಿ ಅಂತ ಹೇಳಿಲ್ಲ.

ಬೈ. ಬೈದು ಮುಗಿಸು... ಮುಗೀತಾ?... ಇನ್ನೂ ಐತಾ? ಆತು, ಅದನ್ನೂ ಬೈ... ಹೂಂ. ಈಗ ಬಿಸಿನೀರು ಕುಡಿ. ನಾನು ಮೊದ್ಲಿಂದ ಹೇಳ್ತೀನಿ.

ನೀನು ಸಿರುಗುಪ್ಪಕ್ಕ ಹೊಂಟ ದಿನ ಏನ್ ಹೇಳಿದಿ? ಕೋಳಿ ಕೂಗೋದ್ರಾಗ ಎಬ್ಬಿಸು, ಮುಖಕ್ಕ ತಣ್ಣೀರು ಹೊಡಿ, ತಂಬೂರಿ ಮುಂದ ಕುಂದ್ರಿಸು. ಮೊಸರು ಬ್ಯಾಡ, ಹುಳಿ ಬ್ಯಾಡ, ಆಟ ಬ್ಯಾಡ, ನಗು ಬ್ಯಾಡ. ಅಂದಿದ್ದಿಲ್ಲ?... ನಗು ಬ್ಯಾಡ ಅಂದಿದ್ದಿಲ್ಲ?... ಇರಬೇಕು ಬಿಡು. ನಗೋದನ್ನ ಅವ್ರು ತಾವೇ ಬಿಟ್ಟಿದ್ರು.

ನೀನು ಹೇಳಿದಂಗೇ ಮಾಡಿದೆ ಅಣ್ಣಾ. ಎಬ್ಬಿಸಿ ಕುಂದ್ರಿಸಿದೆ. ಉಚ್ಚೆಂಗೆಪ್ಪ ಕಣ್ಣು ಮುಚ್ಚಿ 'ಸಾ' ಅಂದ. ಅಂದವ ಹಂಗೇ ಕೆಳಗಿನ ಸ್ವರಕ್ಕ ಇಳದ. ನಾನು ಏನು ಗಂಭೀರ ಐತಪ್ಪಾ ಅಂತ ತಲಿದೂಗಿದೆ. ನೋಡಿದ್ರ ಗೊರಕಿ!... ಪಾರಮ್ಮಂದು ಕೇಳು. ತಂಬೂರಿ ಹಿಡಿದು ಹಿಡಿದು ಆಕಿ ಕುತ್ತಿಗಿ ಒಂದು ಕಡಿಗೇ ವಾಲೈತಿ, ಗುಬ್ಬಿ ನೋಡಿದಂಗ ನೋಡ್ತಾಳ. ಮೈಲಾರಪ್ಪಗ ಮೃದಂಗ ಬಾರಿಸಿ ಕೈ ಊದಿ, ಅನ್ನ ಕಲಸಾಕ ಬರವಲ್ದು... ನಿನಗ ಯಾಕ ಹೇಳಿಲ್ಲ ಅಂದ್ರ? ಯಾರು ಹೇಳ್ತಾರ ಅಣ್ಣಾ ನಿನಗ?

ಗರಡ್ಯಾಗ ಹುಡುಗ್ರನ್ನ ನಾನು ಹಿಂಗ ಇಟ್ರ ಅವ್ರ ಅವ್ವಂದಿರು ನನ್ನನ್ನ ಅದೇ ಮಣ್ಣಾಗ ಹೂಳ್ತಾರ. ಅದಕ್ಕ... ಹಾಂ. ಕಸರತ್ತು ಶುರು ಮಾಡಿಸಿದೆ.

ಮೊದ್ಲ ದಿನ ಜಾಸ್ತಿ ಆತು, ಒಪ್ಪತೀನಿ. ನನಗೇನು ಗೊತ್ತು, ನಿನ್ನ ಶಿಷ್ಯರು ಹೂವಿನ ದಂಟು ಇದ್ದಂಗ ಅದಾರ ಅಂತ? ದಂಡ ಹೊಡಿಸಿದೆ, ಗದೆ ತಿರುವಿಸಿದೆ. ಮರುದಿನ ಮೈಲಾರಪ್ಪನ ಕೈ ಗಡಗಡ. ಮೃದಂಗದ ಮ್ಯಾಲ ಬೆರಳು ಇಟ್ರ ಸಾಕು, ತಾನೇ ದ್ರುತಕಾಲ ಹೊಂಡತಿತ್ತು. ನಿಲ್ಸಲೇ ಅಂದ್ರ, 'ನಿಲ್ಲವಲ್ದು ಕಾಕಾ' ಅಂತ ಅಳಾಕತ್ತಿದ... ನಗಬ್ಯಾಡ ಅಣ್ಣಾ, ಗಂಟ್ಲಿಗೆ ತ್ರಾಸು... ನಕ್ಕಿಲ್ಲ? ಕೆಮ್ಮಿದ್ದಾ? ಆತು, ಕೆಮ್ಮೇ ಇರ್ಲಿ.

ಆಮ್ಯಾಲ ಕಮ್ಮಿ ಮಾಡಿದೆ. ಮೈಲಾರಪ್ಪನ ಕೈಗೆ ಬಿಸಿ ಉಪ್ಪಿನ ಕಾವು, ಪಾರಮ್ಮಗ ಗೋಡಿಗೆ ಒರಗಾಕ ಒಂದು ದಿಂಬು, ಎಲ್ಲರಿಗೂ ಹಾಲು. ಸಂಜಿಗೆ ಸಂಗನಕಲ್ಲು ದಾರ್ಯಾಗ ನಡಿಸಿಕೊಂಡು ಹೋಗಾದು... ಏನ್ ಕಲಿಸಾಕಂದ್ರ? ಏನೂ ಕಲಿಸಾಕಲ್ಲ. ಸುಮ್ನ, ಗಾಳಿಗೆ... ಪಾಠ ತಪ್ಪಿಲ್ಲ ಅಣ್ಣಾ, ನಿನ್ನಾಣಿ. ನಿದ್ದಿ ಮುಗಿಸಿ ಕುಂತ್ರು, ಅಷ್ಟೇ. ನನಗ ಶ್ರುತಿ ತಿಳಿಯಂಗಿಲ್ಲ. ಆದ್ರ ಪಕ್ಕದ ಮನಿ ಗಾದೆಮ್ಮ ದಿನಾ ಕಿಡಕಿ ಮುಚ್ಚಿಕೊಳ್ತಿದ್ದಾಕಿ, ಮೊನ್ನೆ ತೆಗೆದಿಟ್ಟು ಅಕ್ಕಿ ಆರಿಸಿಕೊಂತ ಕುಂತಿದ್ಲು.

ಹಾಂ? ಯಾರಮ್ಮಾ?... ಹೌದಮ್ಮಾ, ಮಾತು ಇನ್ನೂ ಐತಿ, ಕಟ್ ಮಾಡಬ್ಯಾಡ್ರಿ. ಇನ್ನೊಂದು ಸ್ವಲ್ಪ ಹೊತ್ತು ಕೊಡ್ರಿ... ಎಕ್ಸ್‌ಚೇಂಜಿನಾಕಿ ಅಣ್ಣಾ. ಜಲ್ದಿ ಹೇಳ್ತೀನಿ.

ಹೋದ ವರ್ಷ ಇದೇ ಕುರುಗೋಡಿನಾಗ ಉಚ್ಚೆಂಗೆಪ್ಪ ನಡುವ ಹಾಡು ಬಿಟ್ಟು ಓಡಿಹೋದ, ನೆನಪೈತಾ? ನೀನು ಮೈಗಳ್ಳ ಅಂದಿ, ಸಾಧನೆ ಸಾಲದು ಅಂದಿ... ಅಂದಿ ಅಣ್ಣಾ, ಊರ ಮುಂದ ಅಂದಿ. ಮೈಗಳ್ಳತನ ಅಲ್ಲ ಅದು. ಮೊನ್ನೆ ದಾರ್ಯಾಗ ನನಗ ಹೇಳಿದ. ಕಚೇರಿ ಹತ್ರ ಬಂದ್ರ ಸಾಕು, ನಾಲಿಗಿ ಅಂಗುಳಕ್ಕ ಅಂಟ್ಕಂತೈತಂತ, ಊಟ ಸೇರಂಗಿಲ್ಲಂತ. 'ಕಾಕಾ, ನನಗ ಹುಚ್ಚು ಹಿಡೀತೈತೇನು?' ಅಂತ ಕೇಳಿದ.

ನಾನೇನಂದ್ನಾ?... ಕುಸ್ತಿಗೆ ಇಳಿಯೋ ಮೊದ್ಲು ನಾನೂ ಪ್ರತಿಸಲ ವಾಂತಿ ಮಾಡ್ಕಂತೀನಿ ಅಂದೆ... ಹೌದು, ನಾನೇ... ಖರೇ ಅಣ್ಣಾ. ಅಖಾಡದಾಗ ಹಲಗಿ ಬಡಿಯಾಕ ಶುರು ಮಾಡಿದ್ರ, ನಾನು ಹಿಂದಿನ ಬೇಲಿ ಕಡಿಗೆ ಓಡ್ತೀನಿ... ಹನುಮಪ್ಪಗ ಕೈಮುಗಿಯಾಕ ಹೋಗ್ಯಾನ ಅಂದ್ಕಂಡಿದ್ಯಾ? ಊರೆಲ್ಲಾ ಹಂಗೇ ಅಂದ್ಕಂಡೈತಿ, ನೀನೂ ಹಂಗೇ ಇರು. ಹುಡುಗ ಹೊಟ್ಟಿ ಹಿಡ್ಕಂಡು ನಕ್ಕ. ಆಮ್ಯಾಲ 'ಅವಾಗ ಏನ್ ಮಾಡ್ತಿ ಕಾಕಾ?' ಅಂದ. ಬಸ್ಕಿ ಹೊಡೀತೀನಲೇ, ನಡುಕ ಕಾಲಿಂದ ಇಳಿದುಹೋಗ್ತೈತಿ ಅಂದೆ... ಹೂಂ. ಅಲ್ಲಿಂದ ಬಂತು ಅದು.

ನಿನ್ನೆ ಏನಾತಂದ್ರ, ಓಟಿನ ಭಾಷಣಕ್ಕ ಹಾಕಿದ್ರಲ್ಲ, ಅದೇ ಹಲಗಿ ವೇದಿಕಿ. ಮೂರೂ ಮಂದಿ ಏರಿ ಕುಂತ್ರು. ಎದುರಿಗೆ ನಿನ್ನ ಕುರ್ಚಿ. ನೀನು ಬರಲಿಲ್ಲ ಅಂದ್ರೂ ಕುರುಗೋಡಿನವ್ರು ಅದನ್ನ ಖಾಲಿ ಇಟ್ಟು, ಶಾಲು ಹೊದಿಸಿದ್ರು, ಗೌರವಕ್ಕ. ಹುಡುಗ ಅದನ್ನ ನೋಡಿದ ನೋಡು, ಕಣ್ಣು ಅಲ್ಲೇ ನೆಟ್ಟು ಹೋತು. ಪಾರಮ್ಮ ಮೀಟಾಕತ್ತಾಳ, ಮೈಲಾರಪ್ಪ ಕಾಯಾಕತ್ತಾನ, ಇವನ ಬಾಯಿ ತೆರೀತೈತಿ, ದನಿ ಇಲ್ಲ. ಹಿಂದಿನಿಂದ ಯಾರೋ ತೆಲುಗಿನಾಗ 'ಏಮಯ್ಯಾ, ಪಾಡವಾ?', ಏನಯ್ಯಾ ಹಾಡಂಗಿಲ್ಲೇನು ಅಂತ ಕೂಗಿದ್ರು... ನಾನಾ? ಕಂಬದ ಹಿಂದ ಇದ್ದೆ. ನನಗೇ ಬೇಲಿ ಕಡಿಗೆ ಓಡಂಗಾಗಿತ್ತು.

ಹುಡುಗ ಎದ್ದ. ಓಡಿದ ಅಂದ್ಕಂಡೆ, ದಾರಿಗೆ ಅಡ್ಡ ನಿಂತೆ... ಅವ ಪಂಚಿ ಎತ್ತಿ ಕಟ್ಟಿದ, ಕಣ್ಣು ಮುಚ್ಚಿದ, ಬಸ್ಕಿ ಹೊಡ್ಯಾಕತ್ತಿದ! ಹಲಗಿ ಕಿರ್ ಕಿರ್ ಅಂತೈತಿ. ಮೈಲಾರಪ್ಪಗ ಏನು ತಿಳೀತೋ, ಬಸ್ಕಿಗೆ ಸರಿಯಾಗಿ ಮೃದಂಗ ಬಾರಿಸಾಕ ಹತ್ತಿದ. ಜನ ಗೊಳ್ಳಂತ ನಕ್ರು... ವಿರೂಪಾಕ್ಷಪ್ಪರು ಬಸ್ಸಿಗೆ ಹೊತ್ತಾತು ಅಂತ ಅಷ್ಟಕ್ಕೇ ಎದ್ದು ಹೋದ್ರು. ಮುಂದಿಂದು ಅವ್ರು ನೋಡಿಲ್ಲ ಅಣ್ಣಾ. ಅದಕ್ಕ ನಿನಗ ಹೇಳಿಲ್ಲ.

ಮುಂದ ಏನು ಅಂದ್ರ? ಹಾಡಿದ! ಕುಂತ, ಉಸಿರು ಎಳಕೊಂಡ, ಜನದ ಜೋಡಿ ತಾನೂ ಒಂದೀಟು ನಕ್ಕ, ಆ ಮೋಹನ ರಾಗದ ಕೀರ್ತನಿ ಎತ್ತಿಕೊಂಡ... ಹೂಂ, ಪೂರಾ ಹಾಡಿದ. ನಡುವ ಒಂದು ಸಾಲು ಮರೆತ... ಇರು, ಕೇಳು. ಓಡಲಿಲ್ಲ. ಹಿಂದಿನ ಸಾಲನ್ನೇ ತಿರುವಿ ತಿರುವಿ ಹಾಡಿಕೊಂತ ಇದ್ದ, ಮರೆತದ್ದು ತಾನೇ ಬಂದು ಬಾಯಾಗ ಬೀಳೋ ತನಕ. ಜನಕ್ಕ ಏನು ಗೊತ್ತು, ಅಲ್ಲೇ ಭಾಳ ಛಲೋ ಐತಿ ಅಂದ್ರು. ನಾನು ಕಂಬ ತಬ್ಬಿಕೊಂಡು... ಬಿಡು ಅದು.

ಅಣ್ಣಾ, ಒಂದು ಮಾತು ಐತಿ. ಸಿಟ್ಟಾಗಬ್ಯಾಡ... ವೇದಿಕಿ ಇಳಿದು ಬಂದು ಅವ ಮೊದ್ಲು ಏನ್ ಕೇಳಿದ ಗೊತ್ತಾ? 'ಕಾಕಾ, ಸಾಲು ಮರೆತದ್ದು ಮೇಷ್ಟ್ರಿಗೆ ಹೇಳ್ತೀಯಾ?' ಚಪ್ಪಾಳಿ ಇನ್ನೂ ನಿಂತಿಲ್ಲ, ಅವನ ತಲ್ಯಾಗ ಅದೊಂದೇ. ಆ ಹುಡುಗ ಹಾಡಿಗೆ ಅಂಜಲ್ಲ, ಜನಕ್ಕೂ ಅಂಜಲ್ಲ. ಖಾಲಿ ಕುರ್ಚಿಗೆ ಅಂಜಿದ ಅಣ್ಣಾ.



...ನೀನು ಹುಡುಗ್ರ ಮ್ಯಾಲ ಕೈ ಎತ್ತಲ್ಲ, ಗೊತ್ತು... ಪ್ರೀತಿಗೇ ಬೈತಿ, ಅದೂ ಗೊತ್ತು. ನಾನು ನಿನ್ನ ತಮ್ಮ, ಹುಟ್ಟಿದಾಗಿಂದ ಬೈಸಿಕೊಂಡೀನಿ, ನನಗ ತಿಳೀತೈತಿ. ಅವ್ರಿಗೆ ಹೆಂಗ ತಿಳೀಬೇಕು?

ಏನು?... ಅವನ ಕೈಗೆ ಕೊಡ್ಲಾ? ಇಲ್ಲೇ ಅದಾನ, ನನಗ ಬುತ್ತಿ ತಂದವ ಹತ್ತಿ ಮೂಟಿ ಮ್ಯಾಲ ಕುಂತಾನ. ಲೇ ಉಚ್ಚೆಂಗ್ಯಾ, ಬಾರಲೇ, ಮೇಷ್ಟ್ರು ಮಾತಾಡ್ತಾರಂತ... ಬರವಲ್ಲ ಅಣ್ಣಾ. ಗೋಡಿಗೆ ಹಲ್ಲಿ ಕಚ್ಚಿದಂಗ ಕಚ್ಚಿಕೊಂಡಾನ... ನೀನು ಹೇಳು, ನಾನು ಮುಟ್ಟಿಸ್ತೀನಿ... ಹಾಂ? ಉಂಡಾನಾ ಅಂತನಾ? ಉಂಡಾನ... ನಿದ್ದಿ? ನಿದ್ದಿನೂ ಮಾಡ್ಯಾನ. ಲೇ, ನೀನು ಉಂಡ್ಯಾ, ನಿದ್ದಿ ಮಾಡಿದ್ಯಾ ಅಂತ ಮೇಷ್ಟ್ರು ಕೇಳಾಕತ್ತಾರಲೇ!... ನನ್ನ ಮಾರಿ ನೋಡಾಕತ್ತಾನ ಅಣ್ಣಾ, ನಂಬವಲ್ಲ.

ಹಾಂ?... 'ಅವಗ ಹೇಳು' ಅಂದ್ಯಾ? ಏನ್ ಹೇಳ್ಲಿ?... ಕೇಳಲಿಲ್ಲ, ಇನ್ನೊಮ್ಮೆ ಅನ್ನು. ಅವಗ ಏನಂತ ಹೇಳ್ಲಿ ಅಣ್ಣಾ?... ಹಲೋ?... ಹಲೋ?

ಲೈನು ಕಡಿದಿತ್ತು. ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಉಚ್ಚೆಂಗೆಪ್ಪ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದ. ಹುಲುಗಪ್ಪ ಅವನ ಮುಖ ನೋಡಿದ. ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಹಾಂ ಅಣ್ಣಾ, ಈಗ ಕೇಳ್ತೈತಿ... ಹೌದಾ? ಅಷ್ಟು ಛಲೋ ಹಾಡ್ಯಾನ ಅಂತ್ಯಾ?... ಸಾಲು ಮರೆತದ್ದಾ?... ಏನು! ನಿನಗೂ ಮರೀತಿತ್ತಾ? ಭಾಳ ಸಲನಾ?... ಆತು ಅಣ್ಣಾ, ಹೇಳ್ತೀನಿ... ಇಲ್ಲೇ ನಿಂತಾನ. ಕೇಳಿಸಿಕೊಳ್ಳಾಕತ್ತಾನ.