ಬೀಗಿತ್ತಿಗೆ ಕೊಡಬೇಕಿದ್ದ ಪದ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ನನ್ನನ್ನು ಈ ಮೈಕಿನ ಮುಂದೆ ತಂದು ನಿಲ್ಲಿಸಿ ಈಗ ಬೇರೆ ಕಡೆ ನೋಡುತ್ತಿರುವ ಕನ್ನಡ ವಿಭಾಗದ ಪುಟ್ಟಬಸಪ್ಪ ಸಾರ್ ಅವರೇ, ಈಗಷ್ಟೇ ಸನ್ಮಾನ ಸ್ವೀಕರಿಸಿದ ಅಗರದ ಪದಗಾರ್ತಿ ವೀರಮ್ಮನವರೇ, ಊಟಕ್ಕೆ ಮುಂಚೆ ಇದೇ ಕೊನೆಯ ಭಾಷಣ ಎಂದು ತಿಳಿದು ಸಮಾಧಾನವಾಗಿ ಕುಳಿತಿರುವ ಸಭಿಕರೇ,

ನಾನು ಕೋಮಲ, ಪ್ರಥಮ ಬಿ.ಎ., ಹನೂರಿನವಳು. ಐದನೇ ತರಗತಿಯಿಂದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದೆ. ಆದ್ದರಿಂದ ನನ್ನ ಕನ್ನಡದಲ್ಲಿ ತಪ್ಪಿದ್ದರೆ ಇಂಗ್ಲಿಷನ್ನು ಬೈಯಿರಿ, ಇಂಗ್ಲಿಷಿನಲ್ಲಿ ತಪ್ಪಿದ್ದರೆ ಕನ್ನಡವನ್ನು ಬೈಯಿರಿ. ನನ್ನನ್ನು ಬೈಯಲು ನಮ್ಮವ್ವ ಇದ್ದಾಳೆ.

ಸಾರ್ ಕೊಟ್ಟ ವಿಷಯ: ತಾವೇ ಬರೆದು ತಾವೇ ಹಾಡುವ ಮಹಾನ್ ಸಂಗೀತಗಾರರು. ಇಂಥವರಿಗೆ ವಾಗ್ಗೇಯಕಾರರು ಎಂದು ಹೆಸರಂತೆ. ಈ ಪದವನ್ನು ನಾನು ಒಂದು ವಾರ ಅಭ್ಯಾಸ ಮಾಡಿದೆ. ರೂಮಿನ ಗೆಳತಿ ಚೈತ್ರ ಬಿಸಿನೀರಿಗೆ ಉಪ್ಪು ಹಾಕಿ ತಂದುಕೊಟ್ಟಳು, ಗಂಟಲು ಕಟ್ಟಿದೆ ಎಂದುಕೊಂಡು.

ಒಬ್ಬರು ಬರೆದು, ಇನ್ನೊಬ್ಬರು ರಾಗ ಹಾಕಿ, ಮತ್ತೊಬ್ಬರು ಹಾಡಿದರೆ ಎಷ್ಟು ಅನುಕೂಲ, ಯೋಚಿಸಿ. ಹಾಡು ಕೆಟ್ಟರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಬಹುದು. ತಾನೇ ಬರೆದು ತಾನೇ ಹಾಡುವವರಿಗೆ ಆ ಸೌಲಭ್ಯ ಎಲ್ಲಿದೆ? ಅವರದು ಧೈರ್ಯ. ಇಲ್ಲವೇ ನನ್ನ ಹಾಗೆ ತಿಳಿವಳಿಕೆಯ ಕೊರತೆ.

ಹೌದು, ನಾನೂ ಒಬ್ಬಳು ವಾಗ್ಗೇಯಕಾರ್ತಿಯಾಗಿದ್ದೆ. ಹಾಸ್ಟೆಲಿನಲ್ಲಿ ಪ್ರೇಮದ ಬಗ್ಗೆ ಬರೆದೆ, ಸಮುದ್ರದ ಬಗ್ಗೆ ಬರೆದೆ. ಎರಡನ್ನೂ ಹತ್ತಿರದಿಂದ ನೋಡಿರಲಿಲ್ಲ. ಗಿಟಾರ್ ಇಲ್ಲದ್ದರಿಂದ ಸ್ನಾನದ ಬಕೆಟ್ ಬಾರಿಸಿಕೊಂಡು ಹಾಡುತ್ತಿದ್ದೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ಸ್ನಾನಕ್ಕೆ ಬಕೆಟ್ ಸಿಗಲಿ ಎಂದು ಕಾಯುತ್ತಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಈ ಕೀರ್ತಿಯನ್ನು ಹೊತ್ತುಕೊಂಡೇ ಕಳೆದ ವರ್ಷ ನಾನು ಅಗರಕ್ಕೆ ಬೀಗರ ಊಟಕ್ಕೆ ಹೋದದ್ದು. ನಮ್ಮ ದೊಡ್ಡಪ್ಪನ ಮಗಳು ರಾಣಿ ಅಕ್ಕನನ್ನು ಕೊಟ್ಟಿರುವುದು ವೀರಮ್ಮನವರ ಮಗನಿಗೆ. ಎಲೆಗೆ ಮುದ್ದೆ ಬಂತು. ನಾನು ಚಮಚ ಕೇಳಿದೆ. ಹಾಸ್ಟೆಲಿನಲ್ಲಿ ಎಲ್ಲದಕ್ಕೂ ಚಮಚ ಇತ್ತು, ಸಭಿಕರೇ. ಎದುರು ಪಂಕ್ತಿಯಲ್ಲಿದ್ದ ವೀರಮ್ಮನವರು ನನ್ನನ್ನು ಒಮ್ಮೆ ನೋಡಿದರು, ಕೈಯಲ್ಲಿದ್ದ ತುತ್ತು ನುಂಗಿದರು, ಕೂತಲ್ಲೇ ಪದ ಎತ್ತಿದರು:

ಮುದ್ದೆ ನುಂಗೋಕೆ ಚಮಚ ಕೇಳ್ತಾಳೆ
ಗದ್ದೆ ನಾಟೀಗೆ ಕುರ್ಚಿ ಕೇಳ್ತಾಳೆ
ನಮ್ಮ ಬೀಗಿತ್ತಿ
ನಿದ್ದೆ ಮಾಡೋಕೂ ಗಂಟೆ ಕೇಳ್ತಾಳೆ

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ಮೂರನೆಯ ಸಾಲಿನವರೆಗೆ. ಕೊನೆಯ ಸಾಲು ಇವರಿಗೆ ಹೇಗೆ ಹೊಳೆಯಿತು? ಮನೆಗೆ ರಜೆಗೆ ಹೋದಾಗ ನನಗೆ ನಿದ್ದೆ ಬರುವುದಿಲ್ಲ. ಹಾಸ್ಟೆಲಿನ ಹಾಗೆ ದೀಪ ಆರಿಸುವ ಗಂಟೆ ಅಲ್ಲಿ ಹೊಡೆಯುವುದಿಲ್ಲವಲ್ಲ. ಅವ್ವನ ಪಕ್ಕ ಮಲಗಿ ಸೂರು ನೋಡುತ್ತಿರುತ್ತೇನೆ. ಇದನ್ನು ನಾನು ಅವ್ವನಿಗೂ ಹೇಳಿದವಳಲ್ಲ. ಇರಲಿ. ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಗಳಲ್ಲಿ ಒಂದು ಪದ್ಧತಿ. ಪದ ಯಾರ ಮೇಲೆ ಬಂತೋ ಅವರೇ ತಿರುಗಿ ಪದ ಹೇಳಬೇಕು. ಕಲಿತ ಪದ ಸಲ್ಲದು, ಆಗಲೇ ಕಟ್ಟಬೇಕು. ಎಲೆ ಎತ್ತುವುದರೊಳಗೆ ಉತ್ತರ ಬರದಿದ್ದರೆ ಆ ಕಡೆಯವರು ಸೋತಂತೆ. ಎಲ್ಲರೂ ನನ್ನತ್ತ ತಿರುಗಿದರು. ನಾನು ಏನು ಮಾಡಿದೆ? ಒಂದು ಹಾಳೆ ಮತ್ತು ಪೆನ್ನು ಕೇಳಿದೆ.

"ಪೇಪರ್ ಬೇಕಂತೆ ಕಣವ್ವೋ, ಪರೀಕ್ಸೆ ಬರೀತಾಳಂತೆ," ಎಂದರು ಯಾರೋ.

ನಾನು ಬರೆದೆ, ಹೊಡೆದುಹಾಕಿದೆ, ಬರೆದೆ. ಅಷ್ಟರಲ್ಲಿ ಎಲೆ ಎತ್ತಿದರು, ತಾಂಬೂಲ ಕೊಟ್ಟರು, ನಾವು ಬಸ್ ಹತ್ತಿದೆವು. ಪದ ಸಿದ್ಧವಾದದ್ದು ಕೊಳ್ಳೇಗಾಲ ದಾಟಿದ ಮೇಲೆ. ಹಾಡಲು ಬಾಯಿ ತೆರೆದರೆ ಅವ್ವ ಹೇಳಿದಳು: "ಈಗ ಯಾರ್‌ಗವ್ವ ಪದ ಏಳೀಯೆ, ಕಂಡಕ್ಟರ್‌ಗಾ?"

ನಾನು ಸೋತರೆ ಸೋತೆ. ಆದರೆ ಅಗರದಲ್ಲಿ ಉಳಿದವಳು ರಾಣಿ ಅಕ್ಕ. ಫೋನ್ ಮಾಡಿದಳು. "ಲೇ ಕೋಮಲಿ, ಸಾರಿಗೆ ಉಪ್ಪು ಎಚ್ಚಾದ್ರೂ ನಿನ್ನೆಸ್ರೇ ಎತ್ತಾರೆ ಕಣೇ. ನಾನೊಂದು ಮಾತಾಡಿದ್ರೆ, 'ನಿಮ್ ಕಡೆಯೋರ್‌ಗೆ ಬಾಯಿಲ್ವಲ್ಲ, ನಿಂಗೆಲ್ಲಿಂದ ಬಂತವ್ವ' ಅಂತ ನಗ್ತಾರೆ. ನಗೋದು ತಮಾಸೆಗೇಯ. ಆದ್ರೆ ದಿನಾ ಕಣೇ. ಒಂದ್ಸಲ ತಿರುಗ್ಸಿ ಏಳ್ಬುಡು."

ಅಕ್ಕ ಅಲ್ಲಿ ಕುಳಿತಿದ್ದಾಳೆ, ಅತ್ತೆಯ ಜೊತೆ ಬಂದಿದ್ದಾಳೆ. ನನ್ನನ್ನು ನೋಡುತ್ತಿಲ್ಲ. ನಾನು ಪುನಃ ಪೆನ್ನು ಕೇಳುತ್ತೇನೇನೋ ಎಂಬ ಭಯದಿಂದ ನೆಲ ನೋಡುತ್ತಿದ್ದಾಳೆ.

ಬಸ್ಸಿನಲ್ಲಿ ಬರೆದ ಪದ ನನ್ನ ಬಳಿ ಇತ್ತು. ಬೆಳಿಗ್ಗೆ ಓದಿ ನೋಡಿದೆ. ಪ್ರಾಸ ಇದೆ, ಅರ್ಥ ಇದೆ, ತಂಗಳಾಗಿದೆ. ಅದು ಆ ದಿನದ ಎಲೆಯ ಮುಂದಿನ ಪದ. ಈ ಸಭೆಯಲ್ಲಿ ಅದಕ್ಕೆ ಏನು ಕೆಲಸ? ಮಹಾನ್ ಸಂಗೀತಗಾರರ ಬಗ್ಗೆ ನನಗೆ ತಿಳಿದದ್ದು ಇಷ್ಟೇ, ಸಾರ್. ಎದುರಿಗಿರುವವರನ್ನು ನೋಡಿ, ಅವರಿಗೆಂದೇ ಕಟ್ಟುತ್ತಾರೆ. ನಾನು ಸಮುದ್ರ ನೋಡದೆ ಬರೆದೆ. ಅವರು ನನ್ನನ್ನು ನೋಡಿ ಹಾಡಿದರು.

ಹೀಗಾಗಿ ಪ್ರಾಂಶುಪಾಲರು ಶಾಲು ಹೊದಿಸುತ್ತಿದ್ದಾಗ, ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ, ನಾನು ಆ ಕುರ್ಚಿಯಲ್ಲಿ ಕೂತು ವೀರಮ್ಮನವರನ್ನೇ ನೋಡುತ್ತಿದ್ದೆ. ಎರಡು ಹಾಡು ಹೇಳಿ ಎಂದಾಗ ಒಂದೇ ಹಾಡಿ, ಕೆಮ್ಮಿ, ಗಂಟಲು ಸರಿಯಿಲ್ಲ ಎಂದರಲ್ಲ, ಅದನ್ನೂ ಗಮನಿಸಿದೆ. ಕೂತಲ್ಲೇ ಒಂದು ಪದ ಕಟ್ಟಿದೆ. ದನಿ ಒಡೆದರೆ ಕ್ಷಮಿಸಿ, ಬಕೆಟ್ ಇಲ್ಲ.

ಶಾಲು ಹೊದ್ಕಂಡು ಸಭೇಲಿ ಕುಂತವ್ಳೆ
ಹಾಲು ಉಕ್ಕಿದ್ರೂ ರಾಣೀನ್ ಕೂಗ್ತಾಳೆ
ನಮ್ಮ ಬೀಗಿತ್ತಿ
ಸೋಲು ಬಂದಾಗ ಕೆಮ್ಮು ಅಂತಾಳೆ

ಅಕ್ಕ ತಲೆ ಎತ್ತಿದ್ದಾಳೆ. ನನಗೆ ಅಷ್ಟು ಸಾಕು.

ಅವಕಾಶ ಕೊಟ್ಟ ಸಾರ್‌ಗೂ ತಾಳ್ಮೆ ಕೊಟ್ಟ ನಿಮಗೂ ವಂದನೆಗಳು. ಇನ್ನು ಸರದಿ ವೀರಮ್ಮನವರದು. ಮೈಕನ್ನು ಅವರ ಕಡೆ ತಿರುಗಿಸುತ್ತಿದ್ದೇನೆ. ಸನ್ಮಾನಿತರು ಈಗ ಕೆಮ್ಮಿದರೆ ಸಭಾಂಗಣದ ಧೂಳು ಕಾರಣ ಎಂದು ದಯವಿಟ್ಟು ಯಾರೂ ಭಾವಿಸಬಾರದು. ನಮಸ್ಕಾರ.